ಹಳೆಯ ಕಡತಗಳು, ಹೊಸ ಗಣಕ



ಕೆಲವು ತಿಂಗಳುಗಳಿಂದ ನನ್ನ ಬರವಣಿಗೆ ನಿಂತುಹೋಗಿತ್ತು. ದೂರವಾಣಿ ಮಾಡಿ ‘ಸರ, ಆರಾಮದೀರಿಲ್ಲೋ?’ ಎಂದು ವಿಚಾರಿಸಿದವರಿಗೆಲ್ಲ ಚಿಂತೆಗೆ ಕಾರಣವಿಲ್ಲವೆಂದು ತಿಳಿಸಿದ್ದೇನೆ. ಆರಾಮ ತಪ್ಪಿದ್ದು ನನಗಲ್ಲ, ನನ್ನ ಮೇಜಿನ ಮೇಲಿನ ಕಂಪ್ಯೂಟರಿಗೆ. ಅದಕ್ಕೆ ಆರಾಮ ತಪ್ಪಿತು ಎನ್ನುವುದಕ್ಕಿಂತ ವಯೋನಿವೃತ್ತಿಯಾಯಿತು ಎನ್ನುವುದೇ ಹೆಚ್ಚು ಸರಿ. ಕೈಕಾಲು ಗಟ್ಟಿಯಿರುವಾಗಲೇ ಮನೆಗೆ ಕಳುಹಿಸಿದರಲ್ಲ ಎಂದು 2012ರಲ್ಲಿ ನನಗೆ ಅನ್ನಿಸಿದಂತೆ, ಆ ಪೆಟ್ಟಿಗೆಗೆ ಬಾಯಿಯಿದ್ದರೆ ಅದೂ ಅದನ್ನೇ ಹೇಳುತ್ತಿತ್ತು.

ಆದದ್ದಿಷ್ಟು. 2015ರ ಜುಲೈ 29ರಂದು ಬಂದ ವಿಂಡೋಸ್ 10 ಎಂಬ ಕಾರ್ಯಾಚರಣ ವ್ಯವಸ್ಥೆಗೆ 2025ರ ಅಕ್ಟೋಬರ್ 14ರಂದು ಬೆಂಬಲ ಮುಗಿಯಿತು. ಬೆಂಬಲ ಮುಗಿದ ದಿನವೇ ಗಣಕವೇನೂ ಕಣ್ಣು ಮುಚ್ಚುವುದಿಲ್ಲ. ಎಂದಿನಂತೆ ಕೆಲಸ ಮಾಡುತ್ತದೆ. ಆದರೆ ಕಳ್ಳರು ನುಗ್ಗುವ ಕಂಡಿಗಳನ್ನು ಮುಚ್ಚುವ ತೇಪೆಗಳು ಆಮೇಲೆ ಉಚಿತವಾಗಿ ತಾವೇ ಬರುವುದಿಲ್ಲ. ಇನ್ನೊಂದು ವರ್ಷ, ಎಂದರೆ 2026ರ ಅಕ್ಟೋಬರ್‌ವರೆಗೆ, ಅವನ್ನು ಪಡೆಯುವ ದಾರಿಯೊಂದನ್ನು ಕಂಪನಿಯು ತೆರೆದಿಟ್ಟಿತ್ತು. ಹತ್ತು ವರ್ಷದ ಸೇವೆ ಕಡಿಮೆಯೇನಲ್ಲವಾದ್ದರಿಂದ ನನಗೆ ದೂರುವುದಕ್ಕೆ ಏನೂ ಇರಲಿಲ್ಲ. ಮುಂದಿನ ವಿಂಡೋಸ್ 11ಕ್ಕೆ ಏರೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಬಿಲ್ಲೆ ಬೇಕು, ಪ್ರೊಸೆಸರ್ ಒಂದು ನಿರ್ದಿಷ್ಟ ಪಟ್ಟಿಯೊಳಗಿನದಾಗಿರಬೇಕು. 2016ರಲ್ಲಿ ಮಗಳು ಕೊಡಿಸಿದ ನನ್ನ ಯಂತ್ರ ಆ ಪರೀಕ್ಷೆಗೆ ಕೂರುವ ಅರ್ಹತೆಯನ್ನೇ ಪಡೆದಿರಲಿಲ್ಲ.

ನಮ್ಮೂರಿನಲ್ಲಿ ಕಂಪ್ಯೂಟರ್ ದುರಸ್ತಿಯ ಅಂಗಡಿ ಇಟ್ಟುಕೊಂಡಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನನ್ನು ಕರೆಸಿದೆ. ಹಿಂದಿನ ಬೆಂಚಿನ ಹುಡುಗ; ಭೂಪಟದಲ್ಲಿ ತುಂಗಭದ್ರೆಯನ್ನು ಅರಬ್ಬೀ ಸಮುದ್ರಕ್ಕೆ ಹರಿಸಿದವನು. ಇಂದು ನನ್ನ ಕಂಪ್ಯೂಟರಿನ ಮುಂದೆ ಕುಳಿತು ವೈದ್ಯರಂತೆ ತಲೆಯಾಡಿಸಿದ.

‘ಸರ, ಪೆಟಗಿ ಗಟ್ಟಿ ಐತ್ರಿ. ಹಾರ್ಡ್ ಡಿಸ್ಕ್ ಚಲೋ ಐತಿ. ಒಳಗಿನ ಸಿಸ್ಟಂ ಅಷ್ಟ ಹಳೇದಾತು. ಹೊಸಾದು ತಗೋತೀರೋ, ಇಲ್ಲಾ ಇದಕ್ಕ ಲಿನಕ್ಸ್ ಹಾಕ್ಲೋ?’

‘ಹೊಸಾದಕ್ಕ ಎಷ್ಟಾಕ್ಕೈತೋ ತಮ್ಮಾ?’

ಅವನು ಹೇಳಿದ ಮೊತ್ತವನ್ನು ಕೇಳಿ ಅಡುಗೆಮನೆಯಿಂದ ನಮ್ಮ ಮನೆಯವರ ದನಿ ಬಂತು: ‘ಅದನ್ನ ಹಾಕಪಾ, ಆ ಎರಡನೇದ್ದನ್ನ.’ ಹೀಗೆ ನಮ್ಮ ಮನೆಗೆ ಲಿನಕ್ಸ್ ಪ್ರವೇಶವಾಯಿತು. 2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ರೈಲು ಬಂದಿತ್ತು. ಅದೇ ವರ್ಷ ನನ್ನ ಮೇಜಿಗೆ ಇದು ಬಂತು. ಎರಡಕ್ಕೂ ನಾನು ಬಹಳ ಕಾಲ ಕಾದಿದ್ದೆನೆಂದು ಹೇಳಲಾರೆ. ರೈಲಿಗೆ ಮಾತ್ರ ಕಾದಿದ್ದೆ.

ಲಿನಕ್ಸ್ ನನಗೆ ಪೂರಾ ಅಪರಿಚಿತವೇನಲ್ಲ. ನಿವೃತ್ತಿಗೆ ಸ್ವಲ್ಪ ಮುಂಚೆ, ಸರ್ಕಾರಿ ಪ್ರೌಢಶಾಲೆಗಳ ಗಣಿತ, ವಿಜ್ಞಾನ ಮತ್ತು ಸಮಾಜ ವಿಜ್ಞಾನ ಶಿಕ್ಷಕರಿಗಾಗಿ ‘ವಿಷಯ ಶಿಕ್ಷಕರ ವೇದಿಕೆ’ ಎಂಬ ಹೆಸರಿನಲ್ಲಿ ತರಬೇತಿಗಳು ನಡೆದವು. ಅಲ್ಲಿ ಕಂಪ್ಯೂಟರುಗಳಲ್ಲಿದ್ದದ್ದು ಉಬುಂಟು ಎಂಬ ಲಿನಕ್ಸ್ ಪ್ರಭೇದ. ಗಣಿತದವರು ಜಿಯೋಜೀಬ್ರಾದಲ್ಲಿ ತ್ರಿಕೋನ ಎಳೆದರೆ, ನಾವು ಸಮಾಜ ವಿಜ್ಞಾನದವರು ಕೆಜಿಯಾಗ್ರಫಿಯಲ್ಲಿ ದೇಶಗಳನ್ನು ಗುರುತಿಸುವ ಆಟ ಆಡುತ್ತಿದ್ದೆವು. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸಿನ ತಿರುಳನ್ನು ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ಕಥೆಯನ್ನು ನಾನು ಕೇಳಿದ್ದು ಆ ತರಬೇತಿಯಲ್ಲಿಯೇ. ಮರಳಿ ಬಂದ ಮೇಲೆ ಅದರ ಗೊಡವೆ ಬಿಟ್ಟುಹೋಯಿತು. ಮನೆಯ ಗಣಕದಲ್ಲಿ ವಿಂಡೋಸ್ ಇತ್ತು, ಕೆಲಸ ನಡೆಯುತ್ತಿತ್ತು.

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯೊಂದರಿಂದ ನಿವೃತ್ತರಾದ ಮಿತ್ರರೊಬ್ಬರಿಗೆ ಈ ಸಮಾಚಾರ ತಿಳಿಸಿದಾಗ ಅವರು ನಕ್ಕರು. ಕೇರಳದ ಸರ್ಕಾರಿ ಶಾಲೆಗಳಲ್ಲಿ ಬಹುಕಾಲದಿಂದ ಮುಕ್ತ ತಂತ್ರಾಂಶವನ್ನೇ ಬಳಸಿ ಪಾಠ ಹೇಳುತ್ತಿರುವುದರಿಂದ ಅಲ್ಲಿಯ ಕನ್ನಡದ ಮಕ್ಕಳಿಗೆ ಲಿನಕ್ಸ್ ಎಂದರೆ ಸೀಮೆಸುಣ್ಣದಷ್ಟು ಸಹಜವಂತೆ. ‘ಮಾಷ್ಟ್ರೇ, ನಮ್ಮ ಐದನೇ ಕ್ಲಾಸಿನ ಮಕ್ಕಳು ಮಾಡುವುದನ್ನು ನೀವು ಈಗ ಸುರುಮಾಡ್ತಿದ್ದೀರಿ, ಹೆದರಬೇಡಿ’ ಎಂದರು. ಸಮಾಧಾನ ಹೇಳಿದರೋ ಕಿಚಾಯಿಸಿದರೋ ಇನ್ನೂ ನಿರ್ಧರಿಸಿಲ್ಲ.

ಹಾಕಿಸಿದ್ದು ಲಿನಕ್ಸ್ ಮಿಂಟ್ 22. ಇದಕ್ಕೆ 2029ರವರೆಗೆ ತೇಪೆಗಳು ಬರುತ್ತವೆ. ಆ ಹೊತ್ತಿಗೆ ನನಗೆ ಎಪ್ಪತ್ತೇಳು, ಆಮೇಲಿನದು ಮೊಮ್ಮಗನ ಪಾಲಿಗೆ. ಮೊದಲು ಪೆನ್ ಡ್ರೈವಿನಿಂದಲೇ ಅದನ್ನು ಓಡಿಸಿ ತೋರಿಸಿದ. ಹಳೆಯದನ್ನು ಅಳಿಸದೆ, ಹೊಸದನ್ನು ಒಳಗೆ ಸೇರಿಸದೆ, ಸುಮ್ಮನೆ ಬಾಡಿಗೆಗೆ ಬಂದವರಂತೆ ಅದು ತೆರೆಯ ಮೇಲೆ ಕುಳಿತು ಕೆಲಸ ಮಾಡಿತು. ಎತ್ತು ಕೊಳ್ಳುವ ಮುಂಚೆ ಒಂದು ಸುತ್ತು ಹೂಡಿ ನೋಡುತ್ತಾರಲ್ಲ, ಹಾಗೆ. ಈ ಪದ್ಧತಿ ನನಗೆ ಬಹಳ ಹಿಡಿಸಿತು. ಎರಡು ದಿನ ಹೂಡಿ ನೋಡಿ, ಕಡತಗಳನ್ನೆಲ್ಲ ಬೇರೊಂದು ಡಿಸ್ಕಿಗೆ ಇಳಿಸಿಕೊಂಡು, ಮೂರನೆಯ ದಿನ ಪೂರ್ತಿ ಹಾಕಿಸಿದೆವು.

ಮೊದಲ ವಾರದ ಅನುಭವಗಳಲ್ಲಿ ಕೆಲವನ್ನು ಹೇಳುತ್ತೇನೆ. ಸಿ ಮತ್ತು ಡಿ ಎಂಬ ಎರಡು ಕೋಣೆಗಳು ಮಾಯವಾಗಿದ್ದವು. ಇಪ್ಪತ್ತು ವರ್ಷ ‘ಡಿ ಡ್ರೈವಿನ್ಯಾಗ ಇಟ್ಟೀನಿ’ ಎಂದು ಹೇಳಿದ ಬಾಯಿಗೆ ಈಗ ಹೇಳಲು ವಿಳಾಸವೇ ಇಲ್ಲ. ಇಲ್ಲಿ ಎಲ್ಲವೂ ಒಂದೇ ಬೇರಿನಿಂದ ಕವಲೊಡೆಯುವ ಮರ. ಅದರ ಒಂದು ಕೊಂಬೆಯ ಮೇಲೆ ನನ್ನ ಹೆಸರಿನ ‘ಮನೆ’. ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರಗಳನ್ನು ಇದು ಬೇರೆ ಬೇರೆಯೆಂದೇ ಎಣಿಸುತ್ತದೆ. ಇದನ್ನು ನಾನು ಮೆಚ್ಚಿದೆ. ಉತ್ತರ ಪತ್ರಿಕೆ ತಿದ್ದುವವರ ಗುಣ. ಏನನ್ನಾದರೂ ಹೊಸದಾಗಿ ಸೇರಿಸಬೇಕಾದರೆ ಪ್ರತಿ ಸಲವೂ ಗುಪ್ತಪದ ಕೇಳುತ್ತದೆ. ಇದನ್ನು ನಮ್ಮ ಮನೆಯವರು ಮೆಚ್ಚಲಿಲ್ಲ. ‘ನಮ್ಮ ಮನಿಯಾಗ ನಮ್ಮನ್ನ ಯಾರ ನೀವು ಅಂತ ಕೇಳತೈತಲ್ರೀ’ ಎಂಬುದು ಅವರ ಆಕ್ಷೇಪ. ಅವರ ಇಸ್ಪೀಟಿನ ಆಟ ಹಳೆಯ ವ್ಯವಸ್ಥೆಯ ಜೊತೆ ಹೋಗಿಬಿಟ್ಟಿತ್ತಾದ್ದರಿಂದ ಅಸಮಾಧಾನಕ್ಕೆ ಇನ್ನೊಂದು ಕಾರಣವೂ ಇತ್ತು. ತಂತ್ರಾಂಶಗಳ ಭಂಡಾರದಲ್ಲಿ ಹುಡುಕಿದಾಗ ಐಲ್‌ರಿಯಟ್ ಎಂಬುದು ಸಿಕ್ಕಿತು. ಒಂದಲ್ಲ, ಹತ್ತಾರು ಬಗೆಯ ಇಸ್ಪೀಟಿನಾಟ ಅದರೊಳಗಿವೆ. ಆ ದಿನದಿಂದ ಲಿನಕ್ಸಿನ ಬಗ್ಗೆ ಮನೆಯಲ್ಲಿ ಭಿನ್ನಾಭಿಪ್ರಾಯವಿಲ್ಲ.

ಭಾಷೆಯನ್ನು ಕನ್ನಡಕ್ಕೆ ಬದಲಿಸಿಕೊಂಡೆ. ಪಟ್ಟಿಯಲ್ಲಿ ‘ಕಡತ’, ‘ಸಂಪಾದನೆ’, ‘ನೋಟ’, ‘ಉಳಿಸು’ ಎಂಬ ಮಾತುಗಳು ಬಂದು ನಿಂತವು. ಸ್ವಯಂಸೇವಕರು ಬಿಡುವಿನಲ್ಲಿ ಕುಳಿತು ಮಾಡಿದ ಅನುವಾದಗಳಿವು. ಎಲ್ಲವೂ ಕನ್ನಡವಾಗಿಲ್ಲ, ಅರ್ಧ ಕನ್ನಡ, ಅರ್ಧ ಇಂಗ್ಲಿಷ್, ನಮ್ಮ ಪೇಟೆಯ ಅಂಗಡಿಗಳ ಬೋರ್ಡಿನಂತೆ. ಕೆಲವು ಕಡೆ ಅನುವಾದ ಎಷ್ಟು ಬಿಗಿಯಾಗಿದೆಯೆಂದರೆ ಅರ್ಥವಾಗಲು ಇಂಗ್ಲಿಷಿಗೆ ಮರಳಿ ನೋಡಬೇಕಾಗುತ್ತದೆ. ಆದರೂ ‘ಸೇವ್’ ಎನ್ನುತ್ತಿದ್ದ ಜಾಗದಲ್ಲಿ ‘ಉಳಿಸು’ ಎಂಬ ಮಾತು ಕಂಡಾಗ, ನಾನು ಇಷ್ಟು ವರ್ಷ ಮಾಡುತ್ತಿದ್ದ ಕೆಲಸ ಯಾವುದೆಂದು ಹೊಸದಾಗಿ ತಿಳಿದಂತಾಯಿತು. ಕೀಲಿಮಣೆಯ ಚಿಂತೆ ನನಗಿತ್ತು. ನನ್ನ ಬೆರಳುಗಳು ಕಲಿತದ್ದು ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ. ನುಡಿ ತಂತ್ರಾಂಶದ ಮೂಲಕ ನಮ್ಮ ನಾಡಿನ ಕಚೇರಿ, ಶಾಲೆಗಳಿಗೆಲ್ಲ ಪರಿಚಿತವಾದದ್ದು. ಟಕಾರಕ್ಕೆ ಕ್ಯೂ, ಡಕಾರಕ್ಕೆ ಡಬ್ಲ್ಯೂ ಒತ್ತುವುದು ನನಗೆ ಉಸಿರಾಟದಷ್ಟು ಸಲೀಸು. ಅದೇ ವಿನ್ಯಾಸ ‘ಕಗಪ’ ಎಂಬ ಹೆಸರಿನಲ್ಲಿ ಲಿನಕ್ಸಿನಲ್ಲಿಯೂ ಇದೆ. ಸಣ್ಣಪುಟ್ಟ ವ್ಯತ್ಯಾಸಗಳಿಗೆ ಬೆರಳುಗಳು ಎರಡು ದಿನದಲ್ಲಿ ಒಗ್ಗಿಕೊಂಡವು.

ಇಷ್ಟರವರೆಗೆ ಎಲ್ಲವೂ ನಗುವ ಮಾತು. ನಗು ನಿಂತದ್ದು ‘ನಮ್ಮ ಸೀಮೆಯ ಮಾತುಗಳು’ ಎಂಬ ಕಡತವನ್ನು ತೆರೆದಾಗ.

ನಿಮ್ಮಲ್ಲಿ ಹಲವರಿಗೆ ಆ ಹೆಸರು ನೆನಪಿರಬೇಕು. 1996ರಿಂದ ನಾನು ಒಂಬತ್ತನೆಯ ತರಗತಿಯವರಿಗೆ ಬೇಸಿಗೆ ರಜೆಯ ಮನೆಗೆಲಸವಾಗಿ ಕೊಡುತ್ತಿದ್ದದ್ದು ಒಂದೇ. ಮನೆಯ ಅಜ್ಜ ಅಜ್ಜಿಯರಿಂದ ಇಪ್ಪತ್ತು ಮಾತು ಕೇಳಿ ಬರೆದುಕೊಂಡು ಬನ್ನಿ. ಆ ಮಾತು ಈಗ ನಿಮ್ಮ ಬಾಯಲ್ಲಿ ಇರಬಾರದು. ಹಗೇವು, ಮೇಟಿ, ಮಿಣಿ, ಕೂರಿಗಿಯ ಒಂದೊಂದು ಭಾಗದ ಹೆಸರು, ಮೋಡಗಳ ಬಗೆಗಳಿಗೆ ಇದ್ದ ಹೆಸರು, ದನದ ಬಣ್ಣಕ್ಕೆ ಇದ್ದ ಹೆಸರು. ಮಳೆಯನ್ನೇ ನಂಬಿದ ತಾಲ್ಲೂಕು ನಮ್ಮದು. ಮೋಡಕ್ಕೆ ಇಲ್ಲಿರುವಷ್ಟು ಹೆಸರು ನೀರಾವರಿಯ ಸೀಮೆಯಲ್ಲಿ ಇರಲಾರದು. ದೋಟಿಹಾಳ, ಹನುಮಸಾಗರ, ತಾವರಗೇರಾ ಕಡೆಯಿಂದ ಬರುತ್ತಿದ್ದ ನೀವು ನೋಟ್‌ಬುಕ್ಕಿನ ಹಾಳೆಗಳಲ್ಲಿ ತಂದುಕೊಟ್ಟದ್ದನ್ನು 2004ರಿಂದ 2011ರವರೆಗೆ ನಾನು ರಾತ್ರಿ ಕುಳಿತು ಟೈಪು ಮಾಡಿದೆ. ಒಟ್ಟು 2,840 ಮಾತುಗಳು. ಜೊತೆಗೆ ಬೀಸುವಾಗ, ಕುಟ್ಟುವಾಗ ಮತ್ತು ಹಂತಿ ಹೊಡೆಯುವಾಗ ಹಾಡುತ್ತಿದ್ದ 61 ಹಾಡುಗಳು. ಮೂಲದ ಹಾಳೆಗಳಲ್ಲಿ ಬಹುಪಾಲನ್ನು ಗೆದ್ದಲು ತಿಂದಿತು. ಹೇಳಿದ ಹಿರಿಯರಲ್ಲಿ ಹೆಚ್ಚಿನವರು ಇಂದು ಇಲ್ಲ.

ಆ ಕಡತವನ್ನು ತೆರೆದರೆ ತೆರೆಯ ತುಂಬ ಇಂಗ್ಲಿಷಿನ ಅಕ್ಷರಗಳ ಜಾತ್ರೆ. ‘ಕನ್ನಡ’ ಎಂಬ ಮಾತು ಇರಬೇಕಾದ ಕಡೆ ಮೊದಲು ಒಂದು ದೊಡ್ಡ ಪಿ, ಪಕ್ಕದಲ್ಲಿ ತಲೆಯ ಮೇಲೆ ಓರೆಗೆರೆ ಹೊತ್ತ ಎ, ಆಮೇಲೆ ಬ್ರಿಟಿಷರ ಪೌಂಡಿನ ಚಿಹ್ನೆ, ಮತ್ತೆ ಗೆರೆ ಹೊತ್ತ ಎ, ಜರ್ಮನರ ಒಂದು ಅಕ್ಷರ, ಸಣ್ಣ ಕ್ಯೂ, ಕೊನೆಗೆ ಮತ್ತೊಮ್ಮೆ ಅದೇ ಎ. ನೂರಾರು ಪುಟ ಹೀಗೆಯೇ. ಏನೂ ಅಳಿದಿರಲಿಲ್ಲ. ಒಂದಕ್ಷರವೂ ಕಳೆದಿರಲಿಲ್ಲ. ಓದಲು ಮಾತ್ರ ಬರುತ್ತಿರಲಿಲ್ಲ.

ಕಾರಣವನ್ನು ಸಮಾಜ ವಿಜ್ಞಾನದ ಮೇಷ್ಟ್ರಿಗೆ ತಿಳಿದ ಮಟ್ಟಿಗೆ ಹೇಳುತ್ತೇನೆ. ಗಣಕಕ್ಕೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಆ ದಿನಗಳಲ್ಲಿ ಒಂದು ಅಕ್ಷರಶೈಲಿಯೊಳಗೆ ಇದ್ದದ್ದು ಇನ್ನೂರೈವತ್ತಾರು ಗೂಡುಗಳಷ್ಟೇ, ಅವೆಲ್ಲ ಯುರೋಪಿನ ಅಕ್ಷರಗಳಿಗೆ ಮೀಸಲು. ನಮ್ಮ ತಂತ್ರಜ್ಞರು ಒಂದು ಜಾಣ್ಮೆ ಮಾಡಿದರು. ಪಿ ಇರುವ ಗೂಡಿನಲ್ಲಿ ಕಕಾರದ ಒಡಲನ್ನು, ಗೆರೆ ಹೊತ್ತ ಎ ಇರುವ ಗೂಡಿನಲ್ಲಿ ತಲೆಕಟ್ಟನ್ನು ಬಿಡಿಸಿಟ್ಟರು. ಗಣಕ ತಾನು ಇಂಗ್ಲಿಷ್ ತೋರಿಸುತ್ತಿದ್ದೇನೆ ಎಂದುಕೊಳ್ಳುತ್ತಿತ್ತು. ನಮಗೆ ಕಾಣುತ್ತಿದ್ದದ್ದು ಕನ್ನಡ. ಆ ಅಕ್ಷರಶೈಲಿ ಇರುವವರೆಗೆ ಈ ಒಪ್ಪಂದ ನಡೆಯುತ್ತದೆ. ಅದಿಲ್ಲದ ಊರಿಗೆ ಹೋದರೆ ವೇಷ ಕಳಚಿ ಬೀಳುತ್ತದೆ. ಪತ್ರಿಕೆ, ಮುದ್ರಣಾಲಯ, ಕಚೇರಿ ಎಲ್ಲವೂ ಆಗ ನಡೆದದ್ದು ಹೀಗೆಯೇ. ಈ ಉಪಾಯವಿಲ್ಲದಿದ್ದರೆ ಆ ಕಾಲದಲ್ಲಿ ಕನ್ನಡ ಗಣಕದೊಳಗೆ ಕಾಲಿಡುತ್ತಲೇ ಇರಲಿಲ್ಲ. ಯೂನಿಕೋಡಿನ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ವಂತ ಗೂಡುಗಳು ಸಿಕ್ಕಿದ್ದವು, ವಿಂಡೋಸ್ ಎಕ್ಸ್‌ಪಿಯ ಜೊತೆ ‘ತುಂಗಾ’ ಎಂಬ ಯೂನಿಕೋಡ್ ಅಕ್ಷರಶೈಲಿಯೂ ಬಂದಿತ್ತು. ಆದರೆ ಅದು ನಮ್ಮ ಊರಿನ ಮುದ್ರಣದಂಗಡಿಯ ರೂಢಿಗೆ ಬರಲು ಬಹಳ ವರ್ಷ ಹಿಡಿಯಿತು.

ಅಂಗಡಿಯ ಹುಡುಗ ಮತ್ತೆ ಬಂದ. ‘ಇದೇನ್ ದೊಡ್ಡದಲ್ರೀ ಸರ. ಆ ಹಳೇ ಫಾಂಟ್ ಹಾಕಿಬಿಟ್ರ ಮೊದಲಿನಂಗ ಕಾಣಸ್ತಾವು’ ಎಂದ. ಹಾಕಿದ, ಕಂಡವು. ಅಷ್ಟಕ್ಕೇ ಬಿಡಬಹುದಿತ್ತು. ಆದರೆ ‘ಹಗೇವು’ ಎಂದು ಬರೆದು ಹುಡುಕಿದರೆ ಸಿಗುತ್ತಿರಲಿಲ್ಲ. ಮಗಳ ಮೊಬೈಲಿಗೆ ಕಳುಹಿಸಿದರೆ ಅವಳಿಗೆ ಮತ್ತೆ ಪಿ, ಪೌಂಡು. ನನ್ನ ಮೇಜಿನ ಮೇಲೆ ಮಾತ್ರ ಓದಲು ಬರುವ ಕನ್ನಡ ನನ್ನ ನಂತರ ಯಾರಿಗೆ? ಆ ರಾತ್ರಿ ನನಗೆ ಅಪ್ಪನ ಕೆಂಪು ಬಟ್ಟೆಯ ಗಂಟು ನೆನಪಾಯಿತು.

ನಮ್ಮ ಅಪ್ಪ ಶಾಲೆ ಕಲಿತದ್ದು ನಿಜಾಮರ ಕಾಲದಲ್ಲಿ. ಕುಷ್ಟಗಿ ಆಗ ಹೈದರಾಬಾದ್ ಸಂಸ್ಥಾನದ ರಾಯಚೂರು ಜಿಲ್ಲೆಗೆ ಸೇರಿತ್ತು. ಆಡಳಿತದ ಭಾಷೆ ಉರ್ದು, ಶಾಲೆಯಲ್ಲಿ ಕಲಿಸಿದ್ದೂ ಉರ್ದು. ಮನೆಯಲ್ಲಿ ಅಪ್ಪಟ ಕನ್ನಡ ಮಾತಾಡುತ್ತಿದ್ದ ಅಪ್ಪ, ಬರೆಯುವಾಗ ಬಲದಿಂದ ಎಡಕ್ಕೆ ಬರೆಯುತ್ತಿದ್ದರು. 1948ರ ಸೆಪ್ಟೆಂಬರ್ 17ರ ನಂತರ ಸಂಸ್ಥಾನ ಭಾರತಕ್ಕೆ ಸೇರಿತು, 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯದವರಾದೆವು. ನಾವು ಮಕ್ಕಳು ಕನ್ನಡ ಶಾಲೆಗೆ ಹೋದೆವು. ಅದು ಆಗಬೇಕಾದದ್ದೇ, ಅದರಿಂದಲೇ ನಾನು ಮೇಷ್ಟ್ರಾದೆ. ಆದರೆ ಮನೆಯೊಳಗೆ ಒಂದು ವಿಚಿತ್ರ ನಡೆಯಿತು. ಅಪ್ಪ ಬರೆದದ್ದನ್ನು ಮಕ್ಕಳು ಓದಲಾರದವರಾದೆವು. 1986ರಲ್ಲಿ ಅವರು ತೀರಿಕೊಂಡಾಗ ಕೆಂಪು ಬಟ್ಟೆಯ ಗಂಟಿನಲ್ಲಿ ನಾಲ್ಕು ಲೆಕ್ಕದ ಪುಸ್ತಕಗಳು ಸಿಕ್ಕವು. ಹಾಳೆ ಗಟ್ಟಿಯಿತ್ತು, ಶಾಯಿ ಮಾಸಿರಲಿಲ್ಲ. ಮನೆಯಲ್ಲಿ ಹನ್ನೊಂದು ಮಂದಿ ಇದ್ದೆವು. ಓದುವವರು ಒಬ್ಬರೂ ಇರಲಿಲ್ಲ.

ಉರ್ದು ಶಾಲೆಯಿಂದ ನಿವೃತ್ತರಾದ ಹಿರಿಯರೊಬ್ಬರು ಆ ಬೇಸಿಗೆಯಲ್ಲಿ ದಿನಾ ಸಂಜೆ ನಮ್ಮ ಕಟ್ಟೆಗೆ ಬಂದು ಕುಳಿತು ಓದಿ ಹೇಳಿದರು, ನಾನು ಬರೆದುಕೊಂಡೆ. ಭಾಷೆ ಕನ್ನಡ, ಲಿಪಿ ಉರ್ದು. ಅವರು ಪದೇಪದೇ ತಡವರಿಸುತ್ತಿದ್ದರು. ಉರ್ದು ಲಿಪಿಯಲ್ಲಿ ನಮ್ಮ ಳಕಾರವಿಲ್ಲ, ಣಕಾರವಿಲ್ಲ. ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದೇ ಇಲ್ಲ. ‘ಕನದಾಗ ಜೋಲ’ ಎಂದು ಅವರು ಓದಿದ್ದನ್ನು ನಾನು ‘ಕಣದಾಗ ಜೋಳ’ ಎಂದು ತಿದ್ದುತ್ತಿದ್ದೆ. ಅವರಿಗೆ ಲಿಪಿ ಗೊತ್ತಿತ್ತು, ನನಗೆ ಅಪ್ಪನ ಮಾತು ಗೊತ್ತಿತ್ತು. ಇಬ್ಬರೂ ಕೂಡದಿದ್ದರೆ ಆ ಪುಸ್ತಕ ಬಾಯಿ ತೆರೆಯುತ್ತಿರಲಿಲ್ಲ. ಯಾರಿಗೆ ಎಷ್ಟು ಬೀಜ ಕೊಟ್ಟದ್ದು, ಹಗೇವು ತೆಗೆದ ದಿನ, ಎತ್ತು ತಂದ ಸಂತೆ, ಹೀಗೆ ಸಾಗಿದ ಲೆಕ್ಕದ ನಡುವೆ ಒಂದು ಸಾಲು ಬಂತು. ಶ್ರಾವಣದ ಎರಡನೆಯ ಸೋಮವಾರ ಬೆಳಗಿನ ಜಾವ ಗಂಡು ಮಗು, ತಾಯಿ ಕ್ಷೇಮ. ಪಕ್ಕದಲ್ಲಿಯೇ ಸೂಲಗಿತ್ತಿಗೆ ಕೊಟ್ಟ ಜೋಳದ ಅಳತೆ. ಶಾಲೆಯ ದಾಖಲೆಯಲ್ಲಿ ನಾನು, ನನ್ನ ಓರಗೆಯ ಅನೇಕರಂತೆ, ಜೂನ್ 1ರಂದು ಹುಟ್ಟಿದವನು. ಅದೇ ಲೆಕ್ಕದಲ್ಲಿ 2012ರ ಮೇ 31ರಂದು ನಿವೃತ್ತನಾದೆ. ನಿಜವಾದ ದಿನ ಅಪ್ಪನ ಲೆಕ್ಕದ ಪುಸ್ತಕದಲ್ಲಿ, ನನಗೆ ಬಾರದ ಲಿಪಿಯಲ್ಲಿ, ಮೂವತ್ತನಾಲ್ಕು ವರ್ಷ ಸುಮ್ಮನೆ ಕುಳಿತಿತ್ತು. ಓದಿದ ಆ ಹಿರಿಯರು ಮರುವರ್ಷವೇ ತೀರಿಕೊಂಡರು. ನಾಲ್ಕರಲ್ಲಿ ಎರಡು ಪುಸ್ತಕಗಳು ಇಂದಿಗೂ ಓದದೆ ಉಳಿದಿವೆ.

ಆದ್ದರಿಂದ ಹಳೆಯ ಅಕ್ಷರಶೈಲಿಯನ್ನು ನೆಚ್ಚಿ ಕೂರುವುದು ಬೇಡ, ಎಲ್ಲವನ್ನೂ ಯೂನಿಕೋಡಿಗೆ ಬದಲಿಸಿಯೇ ಬಿಡೋಣವೆಂದು ತೀರ್ಮಾನಿಸಿದೆ. ಕನ್ನಡದ ಉತ್ಸಾಹಿ ತಂತ್ರಜ್ಞರು ಇದಕ್ಕಾಗಿಯೇ ಪರಿವರ್ತಕಗಳನ್ನು ಬರೆದು ಉಚಿತವಾಗಿ ಬಿಟ್ಟಿದ್ದಾರೆ. ಬೆಂಗಳೂರಿನಲ್ಲಿ ಓದುತ್ತಿರುವ ಮೊಮ್ಮಗ ರಜೆಗೆ ಬಂದವನು ಒಂದನ್ನು ಹಾಕಿಕೊಟ್ಟ. ಗುಂಡಿ ಒತ್ತಿದ ಕ್ಷಣಾರ್ಧದಲ್ಲಿ ಪಿ, ಪೌಂಡುಗಳೆಲ್ಲ ಕರಗಿ ಕನ್ನಡ ಎದ್ದು ನಿಂತಿತು. ಏಳು ವರ್ಷ ನಾನು ಟೈಪು ಮಾಡಿದ್ದನ್ನು ಅದು ಆಕಳಿಸುವಷ್ಟರಲ್ಲಿ ಮಾಡಿ ಮುಗಿಸಿತು.

‘ಆತಲ್ಲ ಅಜ್ಜಾ’ ಎಂದ ಅವನು.

‘ಆಗಿಲ್ಲೋ. ತಿದ್ದೂದು ಐತಿ’ ಎಂದೆ.

ನಿಜಕ್ಕೂ ಇತ್ತು. ಹಳೆಯ ಪದ್ಧತಿಯಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಜಾಗದಲ್ಲಿ, ಎಂದರೆ ಅಕ್ಷರದ ನಂತರ, ಸಂಗ್ರಹವಾಗುತ್ತದೆ. ಯೂನಿಕೋಡಿನಲ್ಲಿ ಅದು ಉಚ್ಚಾರದ ಜಾಗದಲ್ಲಿ, ಅಕ್ಷರದ ಮುಂಚೆ ಬರಬೇಕು. ಪರಿವರ್ತಕ ಬಹುಪಾಲು ಸರಿಯಾಗಿಯೇ ಎತ್ತಿಟ್ಟಿತ್ತು, ಅಲ್ಲಲ್ಲಿ ಬಿಟ್ಟಿತ್ತು. ‘ಕಾರ್ಯಕ್ರಮ’ವು ‘ಕಾಯರ್ಕ್ರಮ’ವಾಗಿ ಕಾಣುವುದನ್ನು ನೀವೂ ಜಾಲತಾಣಗಳಲ್ಲಿ ನೋಡಿರುತ್ತೀರಿ. ನನ್ನಲ್ಲಿ ‘ಒಂದು ಸರ್ತಿ’ ಎಂಬುದು ‘ಒಂದು ಸತಿರ್’ ಆಗಿತ್ತು. ಗ್ರಂಥದ ಮಾತಾದರೆ ಯಾರಾದರೂ ಊಹಿಸಿ ತಿದ್ದಬಲ್ಲರು. ಇವು ಯಾವ ನಿಘಂಟಿನಲ್ಲಿಯೂ ಹುಡುಕಿದರೆ ಸಿಗದ ಮಾತುಗಳು. ಒಮ್ಮೆ ಕೆಟ್ಟರೆ ಕೆಟ್ಟದ್ದೇ ಸರಿಯೆಂದು ಉಳಿದುಬಿಡುತ್ತವೆ. ಇನ್ನು ಗಿಡಗಳ ಹೆಸರಿನ ಮುಂದೆ ನಾನು ಇಂಗ್ಲಿಷಿನಲ್ಲಿ ಶಾಸ್ತ್ರೀಯ ಹೆಸರು ಬರೆದಿದ್ದೆ. ಪರಿವರ್ತಕಕ್ಕೆ ಇಂಗ್ಲಿಷಿನ ಎಲ್ಲ ಅಕ್ಷರವೂ ವೇಷ ಹಾಕಿದ ಕನ್ನಡವೇ. ತಂಗಡಿಯ ಮುಂದಿದ್ದ ‘ಕ್ಯಾಸಿಯಾ ಆರಿಕ್ಯುಲೇಟಾ’ ಯಾವ ಬಾಯಿಯೂ ನುಡಿಯಲಾರದ ಕನ್ನಡವಾಗಿ ಕುಳಿತಿತ್ತು. ಮೊಮ್ಮಗ ಅದನ್ನು ಗಟ್ಟಿಯಾಗಿ ಓದಲು ಹೋಗಿ ನಾಲಿಗೆ ತೊ಩ಡರಿಸಿಕೊಂಡು ಬಿದ್ದು ಬಿದ್ದು ನಕ್ಕ.

ನಿಜವಾದ ಸಮಸ್ಯೆ ಹಂತಿಯ ಹಾಡುಗಳದು. 61ರಲ್ಲಿ 14 ಹಂತಿ ಪದಗಳು. ರಾಶಿಯ ಕಾಲದಲ್ಲಿ ಮೇಟಿಯ ಸುತ್ತ ದನ ತಿರುಗಿಸುತ್ತ ರಾತ್ರಿಯಿಡೀ ಹಾಡುತ್ತಿದ್ದವು. ಯಂತ್ರ ಬಂದ ಮೇಲೆ ಕಣವೇ ಇಲ್ಲ, ಇನ್ನು ಪದವೆಲ್ಲಿ? ಅವನ್ನು ಒಂದು ಮುದ್ರಣದಂಗಡಿಯಲ್ಲಿ ಟೈಪು ಮಾಡಿಸಿದ್ದೆ. ಅಲ್ಲಿ ಬಳಸಿದ್ದು ನುಡಿಯಲ್ಲ, ಬೇರೊಂದು ಪ್ರಕಾಶನ ತಂತ್ರಾಂಶ. ಅದರ ಗೂಡುಗಳ ಹಂಚಿಕೆಯೇ ಬೇರೆ. ಅಂಗಡಿ ಮುಚ್ಚಿ ಎಷ್ಟೋ ವರ್ಷವಾಗಿದೆ. ಅಕ್ಷರಶೈಲಿ ಎಲ್ಲಿಯೂ ದೊರೆಯಲಿಲ್ಲ, ಮೊಮ್ಮಗ ಹಾಕಿಕೊಟ್ಟ ಪರಿವರ್ತಕಕ್ಕೂ ಅದು ತಿಳಿಯಲಿಲ್ಲ.

ನಾನು ತರಗತಿಯಲ್ಲಿ ಹೇಳುತ್ತಿದ್ದ ಒಂದು ಪಾಠವನ್ನು ನೆನಪಿಸಿಕೊಳ್ಳಿ. ಕೊಪ್ಪಳದ ಗವಿಮಠದ ಬೆಟ್ಟದ ಮೇಲೆ, ಪಾಲ್ಕಿಗುಂಡಿನಲ್ಲಿ ಅಶೋಕನ ಶಾಸನಗಳಿವೆ. ಪ್ರವಾಸಕ್ಕೆ ಕರೆದುಕೊಂಡು ಹೋಗಿ ತೋರಿಸಿದ್ದೆ. ಬ್ರಾಹ್ಮೀ ಲಿಪಿಯನ್ನು ಓದುವ ವಿದ್ಯೆ ಶತಮಾನಗಳ ಕಾಲ ಮರೆತುಹೋಗಿತ್ತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಸಾಂಚಿಯ ಕಲ್ಲುಗಳ ಮೇಲಿನ ಚಿಕ್ಕ ಚಿಕ್ಕ ಬರಹಗಳೆಲ್ಲ ಒಂದೇ ಮಾತಿನಿಂದ ಮುಗಿಯುವುದನ್ನು ಗಮನಿಸಿದ. ಅದು ‘ದಾನಂ’ ಇರಬೇಕೆಂದು ಊಹಿಸಿದ. ಅಲ್ಲಿಂದ ಅಕ್ಷರಗಳು ಬಿಚ್ಚಿಕೊಂಡವು. ನಾನೂ ಮೊಮ್ಮಗನೂ ಹಿಡಿದದ್ದು ಅದೇ ದಾರಿಯನ್ನು. ಹಂತಿಯ ಪದದಲ್ಲಿ ಪ್ರತಿ ನುಡಿಯ ಕೊನೆಗೆ ಸೊಲ್ಲು ಮರಳಿ ಬರುತ್ತದೆ. ಮರಳಿ ಬರುವ ಗುರುತುಗಳ ಸಾಲನ್ನು ಮೊದಲು ಹುಡುಕಿದೆವು. ಆ ಸೊಲ್ಲು ನನಗೆ ಬಾಯಿಪಾಠವಿದ್ದ ಒಂದು ಪದದಿಂದ ಹತ್ತೊಂಬತ್ತು ಗುರುತುಗಳು ಹೊಂದಿಕೆಯಾದವು. ‘ಬಸವ’ ಎಂಬ ಮಾತು ಕೈಹಿಡಿದು ಮುಂದಕ್ಕೆ ನಡೆಸಿತು. ಅವನು ಗುರುತುಗಳನ್ನು ಎಣಿಸಿ ಪಟ್ಟಿ ಮಾಡುವನು, ನಾನು ಮಾತು ಊಹಿಸುವೆನು. ನಾಲ್ಕು ದಿನ ಹೀಗೆ ನಡೆಯಿತು. 1986ರ ಬೇಸಿಗೆಯಲ್ಲಿ ಕಟ್ಟೆಯ ಮೇಲೆ ಕುಳಿತಿದ್ದ ಇಬ್ಬರಲ್ಲಿ ಆ ಹಿರಿಯರ ಜಾಗಕ್ಕೆ ಈಗ ಮೊಮ್ಮಗ ಬಂದಿದ್ದ.

ಒಂದು ಪದದ ನಡುವೆ ನಮಗೆ ಬಗೆಹರಿಯದ ಒಂದು ಮಾತು ಉಳಿಯಿತು. ಅದನ್ನು ಹೇಳಿಸಿ ತಂದವಳು ದೋಟಿಹಾಳ ಕಡೆಯ ವಿದ್ಯಾರ್ಥಿನಿ. ಈಗ ಆಕೆಯೇ ಶಿಕ್ಷಕಿ. ಫೋನು ಮಾಡಿದೆ. ‘ತಡೀರಿ ಸರ, ಅವ್ವಗ ಕೊಡ್ತೀನಿ’ ಎಂದಳು. ಎಂಬತ್ತು ದಾಟಿದ ಆ ತಾಯಿ ‘ಯಾವುದ್ರೀ ಮಾಸ್ತರ, ನಮ್ಮ ಮಾವ ಹಾಡತಿದ್ರಲ್ಲ ಅದಾ?’ ಎಂದು ಕೇಳಿ, ನಾನು ಹೂಂ ಎನ್ನುವ ಮುಂಚೆಯೇ ಹಾಡತೊಡಗಿದರು. ಮೊಮ್ಮಗ ತನ್ನ ಮೊಬೈಲನ್ನು ಹತ್ತಿರ ಹಿಡಿದು ದನಿಯನ್ನು ಉಳಿಸಿಕೊಂಡ. ನಮ್ಮ ಬರಹದಲ್ಲಿ ಇಲ್ಲದ ಎರಡು ನುಡಿಗಳನ್ನೂ ಅವರು ಹಾಡಿದರು. ಹಾಡು ಮುಗಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅವರು ‘ಈಗ ಯಾರ್ ಕೇಳ್ತಾರ್ರೀ ಇದನ್ನ’ ಎಂದು ಹೇಳಿ, ಮಗಳಿಗೆ ಫೋನು ಕೊಟ್ಟರು.

ಈಗ 2,840 ಮಾತುಗಳೂ ಯೂನಿಕೋಡಿನಲ್ಲಿವೆ. ಅರ್ಕಾವತ್ತಿನ ತಿದ್ದುಪಡಿ ಪಕಾರದವರೆಗೆ ಬಂದಿದೆ. 14 ಹಂತಿ ಪದಗಳಲ್ಲಿ 11 ಸಂಪೂರ್ಣ ಓದಲು ಬರುತ್ತವೆ. ಉಳಿದ ಮೂರೂ ಹನುಮಸಾಗರ ಕಡೆಯಿಂದ 1999 ಮತ್ತು 2000ದಲ್ಲಿ ಬಂದವು. ತಂದವರ ಹೆಸರಿದ್ದ ಹಾಳೆ ಗೆದ್ದಲಿನ ಪಾಲಾಗಿದೆ. ಆ ಎರಡು ವರ್ಷ ಒಂಬತ್ತನೆಯ ತರಗತಿಯಲ್ಲಿದ್ದವರು, ನಿಮ್ಮ ಮನೆಯ ಹಿರಿಯರಲ್ಲಿ ಹಂತಿ ಹಾಡುತ್ತಿದ್ದವರು ಇದ್ದರೆ ನನಗೆ ಒಂದು ಫೋನು ಮಾಡಿ. ಸಂಜೆ ಆರರ ಮೇಲೆ ಮಾಡಿದರೆ ಅನುಕೂಲ. ಅದಕ್ಕೂ ಮುಂಚೆ ಕಂಪ್ಯೂಟರು ನಮ್ಮ ಮನೆಯವರ ವಶದಲ್ಲಿರುತ್ತದೆ.